ಎರಡು ಸೋಮವಾರದ ಒಪ್ಪತ್ತು

ಅಕ್ಟೋಬರ್ 1, 2025, ಬುಧವಾರ

ಇಂದು ಆಯುಧಪೂಜೆ. ಮಾಚೇನಹಳ್ಳಿಯ ನಮ್ಮ ಫೌಂಡ್ರಿಯಲ್ಲಿ ಎಲ್ಲ ಯಂತ್ರಗಳೂ ಒಟ್ಟಿಗೆ ಸುಮ್ಮನಾಗುವುದು ವರ್ಷದಲ್ಲಿ ಇದೊಂದೇ ಸಲ. ಲ್ಯಾಬಿನ ಕಂಪ್ಯೂಟರನ್ನೂ ಬಿಡುವುದಿಲ್ಲ. ಕಳೆದ ವರ್ಷ ಪೂಜೆ ಮುಗಿದ ಮೇಲೆ ಆನ್ ಮಾಡಿದ್ದನ್ನು ಇವತ್ತು ಬೆಳಿಗ್ಗೆ ಹತ್ತೂವರೆಗೆ ಕೈಯಾರೆ ಆಫ್ ಮಾಡಿದೆ. ನಡುವೆ ಒಂದು ದಿನವೂ ಅದು ನಿಂತಿಲ್ಲ. ಕರೆಂಟು ಹೋದರೆ ಯುಪಿಎಸ್, ಅದು ಮುಗಿಯುವುದರೊಳಗೆ ಜನರೇಟರ್. ಕರಗಿದ ಕಬ್ಬಿಣದಲ್ಲಿ ಏನೇನು ಎಷ್ಟಿದೆ ಎಂದು ಹೇಳುವ ಸ್ಪೆಕ್ಟ್ರೋಮೀಟರ್ ಈ ಕಂಪ್ಯೂಟರಿಲ್ಲದಿದ್ದರೆ ಮೂಕ. ಲ್ಯಾಬು ನನ್ನ ಉಸ್ತುವಾರಿ, ಹದಿನೇಳು ವರ್ಷದಿಂದ.

ಪೂಜೆ ಹುಲಿಯಪ್ಪನದು. ಆತ ಮೆಲ್ಟರ್, ಮೂವತ್ತೊಂದು ವರ್ಷದಿಂದ ಕಬ್ಬಿಣ ಕರಗಿಸುತ್ತಿದ್ದಾನೆ. ಮೊದಲು ಫರ್ನೇಸು, ಆಮೇಲೆ ಕ್ರೇನು, ಗ್ರೈಂಡಿಂಗ್ ಮಷೀನುಗಳು, ತಕ್ಕಡಿ, ಕೊನೆಗೆ ನನ್ನ ಲ್ಯಾಬು. ಒದ್ದೆ ಬಟ್ಟೆಯಲ್ಲಿ ಕಂಪ್ಯೂಟರಿನ ಡಬ್ಬ ಒರೆಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡು ಹೂ ಸಿಕ್ಕಿಸಿ, ಮಾವಿನೆಲೆಯಿಂದ ತೀರ್ಥ ಚಿಮುಕಿಸಿದ. ಚಿಮುಕಿಸುತ್ತಲೇ ಇದ್ದ.

"ಸಾಕು ಹುಲಿಯಪ್ಪ, ಅದಕ್ಕೆ ನೆಗಡಿ ಆಗುತ್ತೆ" ಎಂದೆ. ಎಲ್ಲರೂ ನಕ್ಕರು. ಆತನೂ ನಕ್ಕ.

ಗೇಟಿನಲ್ಲಿ ಬೂದುಗುಂಬಳ ಒಡೆದದ್ದೂ ಆತನೇ. ಆಮೇಲೆ ಮಂಡಕ್ಕಿ, ಸಿಹಿ ಬೂಂದಿ ಹಂಚುವಾಗ ಮಾಲೀಕರಾದ ವಿಜಯೇಂದ್ರ ಅವರ ಹತ್ತಿರ ಹೋಗಿ ನಿಂತ. ಆತನಿಗೆ ಸೆಪ್ಟೆಂಬರಿಗೆ ಅರವತ್ತು ತುಂಬಿದೆ. ಇನ್ನೊಂದು ವರ್ಷ ಇಟ್ಟುಕೊಳ್ಳಿ ಎಂಬ ಅರ್ಜಿ ಕೊಟ್ಟಿದ್ದಾನೆ. "ದೀಪಾವಳಿಯೊಳಗೆ ಸಹಿ ಹಾಕ್ತೀನಿ ಬಿಡಿ" ಎಂದರು ವಿಜಯೇಂದ್ರ. ಸಹಿ ಆಗದಿದ್ದರೆ ಶೆಡ್ಡಿನ ಹಿಂದಿನ ಮನೆ ಬಿಟ್ಟು ಕುಂಸಿಯ ತಮ್ಮನ ಮನೆಗೆ ಹೋಗಬೇಕು. ಗೇಟಿನ ಪಕ್ಕ ಹೆಂಡತಿ ಯಲ್ಲಮ್ಮನ ಟೀ ಅಂಗಡಿಯೂ ಎತ್ತಬೇಕು. ಅದು ಫೌಂಡ್ರಿಯ ಜಾಗ.

ಇದನ್ನೆಲ್ಲ ಲ್ಯಾಬಿನ ಲಾಗ್‌ಬುಕ್ಕಿನಲ್ಲಿ ಬರೆಯಲಾಗುವುದಿಲ್ಲ. ಹಾಗಾಗಿ ಇಲ್ಲಿ.

ಅಕ್ಟೋಬರ್ 3, ಶುಕ್ರವಾರ

ಕಂಪ್ಯೂಟರ್ ಏಳಲಿಲ್ಲ.

ಕಪ್ಪು ಪರದೆ, ಬಿಳಿ ಅಕ್ಷರ. ಕೊನೆಯಲ್ಲಿ ಕರ್ನಲ್ ಪ್ಯಾನಿಕ್. ಮೂಲ ಡಿಸ್ಕ್ ಸಿಗುತ್ತಿಲ್ಲ, ಅನ್‌ನೋನ್ ಬ್ಲಾಕ್, ಸೊನ್ನೆ ಕಾಮಾ ಸೊನ್ನೆ. ಕರ್ನಲ್ ಎಂದರೆ ಕಂಪ್ಯೂಟರಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಉಳಿದವರನ್ನು ಎಬ್ಬಿಸುವ ಭಾಗ. ಅದಕ್ಕೇ ಮನೆಯ ಬಾಗಿಲು ಸಿಗದಿದ್ದರೆ ಮನೆಯಲ್ಲಿ ಯಾರೂ ಏಳುವುದಿಲ್ಲ. ಆರು ಸಲ ಆನ್ ಮಾಡಿದೆ. ಆರು ಸಲವೂ ಅದೇ ಮಾತು.

ಆಗಸ್ಟ್ ಹದಿನಾಲ್ಕರಂದು ನಾನು ಈ ಕರ್ನಲನ್ನು ಹೊಸದಾಗಿ ಕಟ್ಟಿದ್ದೆ. ಹಳೆಯದಕ್ಕೆ ಸುರಕ್ಷತೆ ಸಾಲದು ಎಂದು ಗಿರಾಕಿ ಕಂಪನಿಯ ಆಡಿಟ್‌ನವರು ತಕರಾರು ತೆಗೆದಿದ್ದರು. ಕಟ್ಟಿ, ಹಾಕಿ, ರೀಬೂಟ್ ಮಾಡದೆ ಬಿಟ್ಟೆ. ಆಗ ಸ್ಯಾಂಪಲ್ ಮೇಲೆ ಸ್ಯಾಂಪಲ್ ಬರುತ್ತಿತ್ತು. ನಿಲ್ಲಿಸದೆ ಓಡುವ ಯಂತ್ರ ಹಳೆಯ ಕರ್ನಲಿನಲ್ಲೇ ಓಡುತ್ತಿತ್ತು. ಹೊಸದು ಮೊದಲ ಸಲ ಎದ್ದು ನಿಲ್ಲಬೇಕಾಗಿದ್ದು ಇವತ್ತು. ಇದೂ ಒಂದು ಸಾಧ್ಯತೆ. ಖಚಿತವಿಲ್ಲ.

ವಿಜಯೇಂದ್ರ ಬಂದು ಡಬ್ಬದ ಜಾಲರಿಯಲ್ಲಿ ಒಣಗಿದ ಕುಂಕುಮವನ್ನು ಬೆರಳಿನಿಂದ ಕೆರೆದರು. "ನೀರು ಹೋಗಿದೆ ಮೇಡಂ. ಅವತ್ತೇ ನೀವು ಹೇಳಿದ್ರಲ್ಲ, ನೆಗಡಿ ಆಗುತ್ತೆ ಅಂತ."

ಹುಲಿಯಪ್ಪ ಬಾಗಿಲಲ್ಲಿ ನಿಂತಿದ್ದ. ದಿನಾ ಬೆಳಿಗ್ಗೆ ಒಳಗೆ ಬಂದು ಸ್ಪೆಕ್ಟ್ರೋಮೀಟರಿಗೆ ಒಂದು, ನನಗೆ ಒಂದು ಕೈ ಮುಗಿದು ಹೋಗುವವನು ಇವತ್ತು ಹೊಸ್ತಿಲು ದಾಟಲಿಲ್ಲ. "ತೀರ್ಥ ಸ್ವಲ್ಪ ಜಾಸ್ತಿ ಬಿತ್ತು ಮೇಡಂ. ಬೆಳಿಗ್ಗಿಂದ ಏನೂ ತಿಂದಿರ್ಲಿಲ್ಲ, ಕೈ ನಡುಗ್ತಿತ್ತು" ಎಂದ.

"ನೋಡೋಣ" ಎಂದೆ.

ಲಾಗ್‌ಬುಕ್ಕಿನಲ್ಲಿ: ಯಂತ್ರ ಏಳುತ್ತಿಲ್ಲ. ಕಾರಣ ಪರಿಶೀಲನೆಯಲ್ಲಿದೆ.

ಅಕ್ಟೋಬರ್ 4, ಶನಿವಾರ

ಡಬ್ಬ ಬಿಚ್ಚಿದೆ. ಒಳಗೆ ಧೂಳು ಬಿಟ್ಟರೆ ಏನಿಲ್ಲ. ಪೆನ್‌ಡ್ರೈವಿನಲ್ಲಿ ಬೇರೊಂದು ಸಿಸ್ಟಂ ಹಾಕಿ ಅದರಿಂದ ಆನ್ ಮಾಡಿದೆ, ತಕರಾರಿಲ್ಲದೆ ಎದ್ದಿತು. ಡಿಸ್ಕ್ ತೆರೆಯಿತು. ಹನ್ನೊಂದು ವರ್ಷದ ರಿಪೋರ್ಟುಗಳು ಒಂದೂ ಹೋಗಿಲ್ಲ. ಅಂದರೆ ಯಂತ್ರ ಗಟ್ಟಿಮುಟ್ಟಾಗಿದೆ. ನೆಗಡಿಯಾಗಿಲ್ಲ.

ಹಳೆಯ ಕರ್ನಲ್ ಇದ್ದಿದ್ದರೆ, ಆನ್ ಆಗುವಾಗ ಬರುವ ಮೆನುವಿನಲ್ಲಿ ಅದನ್ನು ಆರಿಸಿದರೆ ಮುಗಿಯುತ್ತಿತ್ತು, ಐದು ನಿಮಿಷದ ಕೆಲಸ. ಇಲ್ಲ. ಹೊಸದಕ್ಕೆ ಜಾಗ ಸಾಲದೆ ಹಳೆಯದನ್ನು ನಾನೇ ಅಳಿಸಿದ್ದೆ. ಹೊಸದು ಎದ್ದು ನಿಲ್ಲುವ ತನಕ ಹಳೆಯದನ್ನು ಮುಟ್ಟಬಾರದು ಎಂಬುದು ಈ ಕೆಲಸದ ಒಂದನೇ ಪಾಠ. ಬೇರೆಯವರಿಗೆ ನಾನೇ ಹೇಳಿಕೊಟ್ಟಿದ್ದೇನೆ.

ವಿಜಯೇಂದ್ರ ಫೋನಿನಲ್ಲಿ ಕೇಳಿದರು. "ಡಿಸ್ಕ್ ಸರಿ ಇದೆ, ಡೇಟಾ ಸುರಕ್ಷಿತ" ಎಂದೆ. ಹೇಳಿದ್ದು ಸುಳ್ಳಲ್ಲ.

ಫರ್ನೇಸು ನಿಲ್ಲಿಸುವಂತಿಲ್ಲವಲ್ಲ, ಹುಲಿಯಪ್ಪ ತನ್ನ ಹಳೆಯ ಪದ್ಧತಿಗೆ ಇಳಿದಿದ್ದಾನೆ. ಕರಗಿದ ಕಬ್ಬಿಣವನ್ನು ಒಂದು ಸೌಟಿನಷ್ಟು ಮರಳಿನ ಅಚ್ಚಿಗೆ ಸುರಿದು ಬೆಣೆಯಾಕಾರದ ತುಂಡು ಮಾಡುತ್ತಾನೆ. ನೀರಿನಲ್ಲಿ ಅದ್ದಿ, ಸುತ್ತಿಗೆಯಲ್ಲಿ ಒಡೆದು, ಒಡೆದ ಮುಖ ನೋಡುತ್ತಾನೆ. ತೆಳುವಾದ ತುದಿಯಲ್ಲಿ ಬಿಳಿ ಎಷ್ಟಿದೆ ಎಂಬುದರ ಮೇಲೆ ತೀರ್ಮಾನ. ಒಂದು ಅಕ್ಕಿಕಾಳಿನಷ್ಟಿದ್ದರೆ ಸುರಿಯಬಹುದು. ಎರಡಾದರೆ ಸಿಲಿಕಾನ್ ಹಾಕಬೇಕು. ಅಕ್ಕಿಕಾಳಂತೆ. ಸೋನಾ ಮಸೂರಿಯೋ ದಪ್ಪಕ್ಕಿಯೋ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ಸರ್ಟಿಫಿಕೇಟಿಗಾಗಿ ದಿನಾ ಒಂದೊಂದು ತುಂಡನ್ನು ಶಿವಮೊಗ್ಗದ ಲ್ಯಾಬಿಗೆ ಕಳಿಸುತ್ತಿದ್ದೇವೆ. ಉತ್ತರ ಬರಲು ಒಂದು ದಿನ ಬೇಕು.

ಅಕ್ಟೋಬರ್ 6, ಸೋಮವಾರ

ಸೊನ್ನೆ ಕಾಮಾ ಸೊನ್ನೆಗೆ ಕಾರಣ ಸಿಕ್ಕಿತು. ಕರ್ನಲ್ ಏಳುವಾಗ ಅದರ ಜೊತೆಗೊಂದು ಬುತ್ತಿ ಇರಬೇಕು. ಡಿಸ್ಕನ್ನು ಮಾತಾಡಿಸಲು ಬೇಕಾದ ಡ್ರೈವರುಗಳೆಲ್ಲ ಅದರಲ್ಲಿರುತ್ತವೆ. ಆ ಬುತ್ತಿಯೇ ಇರಲಿಲ್ಲ. ಆಗಸ್ಟಿನಲ್ಲಿ ಅದನ್ನು ಕಟ್ಟುವ ಹೊತ್ತಿಗೆ ಜಾಗ ಮುಗಿದು, "ಡಿಸ್ಕಿನಲ್ಲಿ ಸ್ಥಳವಿಲ್ಲ" ಎಂದು ಒಂದು ಸಾಲು ಬಂದಿತ್ತು. ಆ ಸಾಲು ನನಗೆ ನೆನಪಿದೆ. ಮರುದಿನ ಧ್ವಜಾರೋಹಣ, ಬೇಗ ಹೊರಡಬೇಕಿತ್ತು. ಆಮೇಲೆ ಜಾಗ ಮಾಡಿದೆ, ಬುತ್ತಿ ಮತ್ತೆ ಕಟ್ಟಿದೆನೆಂದು ಅಂದುಕೊಂಡೆ. ಕಟ್ಟಿರಲಿಲ್ಲ.

ಇವತ್ತು ಕಟ್ಟಿದೆ. ಈಗ ಪ್ಯಾನಿಕ್ ಇಲ್ಲ. ಬದಲಿಗೆ ಡಿಸ್ಕಿಗಾಗಿ ಕಾದು ಕಾದು, ಸಿಗಲಿಲ್ಲ ಎಂದು ಅರ್ಧ ದಾರಿಯಲ್ಲಿ ಕೈ ಚೆಲ್ಲುತ್ತದೆ. ಹಾಳಾದ್ದು.

ಹನ್ನೊಂದು ಗಂಟೆಗೆ ಯಲ್ಲಮ್ಮನ ಅಂಗಡಿಗೆ ಹೋದೆ. ಬೇರೆ ಯಾರೂ ಇರಲಿಲ್ಲ. "ನಮ್ಮನೆಯವ್ರು ಇವತ್ತಿಂದ ಸೋಮವಾರ ಒಪ್ಪತ್ತು ಹಿಡ್ದಿದಾರೆ ಮೇಡಂ" ಎಂದಳು. "ಫರ್ನೇಸಿನ ಮುಂದೆ ನಿಲ್ಲೋರು, ಹಸ್ಕೊಂಡು ನಿಂತ್ರೆ ತಲೆ ತಿರುಗಲ್ವಾ? ಹೇಳಿದ್ರೆ ಕೇಳಲ್ಲ. ಕಂಪ್ಯೂಟರು ಏಳೋವರ್ಗೂ ಅಂತೆ."

ಟೀ ಬಿಸಿಯಿತ್ತು. ಅರ್ಧ ಬಿಟ್ಟು ಬಂದೆ.

ಮಧ್ಯಾಹ್ನ ವಿಜಯೇಂದ್ರ ಹೇಳಿದರು: "ಹುಲಿಯಪ್ಪಂಗೂ ವಯಸ್ಸಾಯ್ತು ಮೇಡಂ. ಕೈ ನಡುಗುತ್ತೆ ಅಂತ ಅವ್ರೇ ಒಪ್ಕೊಂಡ್ರಲ್ಲ. ಫರ್ನೇಸಿನ ಮುಂದೆ ಕೈ ನಡುಗೋರನ್ನ ಹೆಂಗೆ ಇಟ್ಕೊಳ್ಳೋದು? ಎಕ್ಸ್‌ಟೆನ್ಷನ್ ಬೇಡ ಅನ್ಸುತ್ತೆ."

ನಾನು ಪರದೆ ನೋಡುತ್ತಿದ್ದೆ. "ನಿಮ್ಮಿಷ್ಟ ಸರ್" ಎಂದೆನೇನೋ. ಇನ್ನೂ ಡಿಸ್ಕ್ ಸಿಕ್ಕಿಲ್ಲವಲ್ಲ. ಎಲ್ಲ ಸರಿಯಾದ ಮೇಲೆ ಒಟ್ಟಿಗೆ ವಿವರವಾಗಿ ಹೇಳಿದರೆ ಒಳ್ಳೆಯದು. ಅರ್ಧಂಬರ್ಧ ಹೇಳಿ ಗೊಂದಲ ಮಾಡಬಾರದು.

ಅಕ್ಟೋಬರ್ 7, ಮಂಗಳವಾರ

ಶಿವಮೊಗ್ಗದಿಂದ ಮೊದಲ ರಿಪೋರ್ಟು ಬಂತು. ಹುಲಿಯಪ್ಪ ಹೇಳಿದಂತೆಯೇ ಇದೆ. ಕಾಕತಾಳೀಯ.

ಅಕ್ಟೋಬರ್ 8, ಬುಧವಾರ

ಕೆಲಸ ಮುಂದೆ ಹೋಗಲಿಲ್ಲ.

ನನ್ನ ಗಂಡ ಪ್ರಸನ್ನಕುಮಾರ್ ಭದ್ರಾವತಿಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಗಾದೆ ಬೆರೆಸದೆ ಇವರಿಗೆ ತುತ್ತು ಇಳಿಯುವುದಿಲ್ಲ. ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. ಎಲ್ಲವನ್ನೂ ಎಂದರೆ, ಕರ್ನಲಿನ ವಿಷಯ ಬೇರೆ, ಹುಲಿಯಪ್ಪನ ವಿಷಯ ಬೇರೆ ಎಂಬಂತೆ ಹೇಳಿದೆ. ಇವರು ಮಜ್ಜಿಗೆ ಕಲಸುತ್ತ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದರು.

"ನಾನೇನು ಬರೆ ಹಾಕಿಲ್ಲ. ಅವರವರೇ ಅಂದ್ಕೊಂಡಿದ್ದಾರೆ."

"ನೀನು ಹಾಕಿದ್ದೀಯ ಅಂತ ನಾನೆಲ್ಲಿ ಅಂದೆ ಮಾರಾಯ್ತಿ? ಗಾದೆ ಹೇಳ್ದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋದು ಯಾಕೆ?"

ಒಂದೇ ಊಟಕ್ಕೆ ಎರಡು ಗಾದೆ. ನಾನು ಎದ್ದು ಕೈ ತೊಳೆದುಕೊಂಡೆ. ಈ ಮನುಷ್ಯನಿಗೆ ಕರ್ನಲ್ ಎಂದರೆ ಏನೆಂದು ಗೊತ್ತಿಲ್ಲ.

ಅಕ್ಟೋಬರ್ 9, ಗುರುವಾರ

ವಸಂತನಿಗೆ ಫೋನ್ ಮಾಡಿದೆ. ಹದಿನೇಳು ವರ್ಷದಲ್ಲಿ ಲ್ಯಾಬಿನ ಕೆಲಸಕ್ಕೆ ಹೊರಗಿನವರನ್ನು ಕರೆದದ್ದಿಲ್ಲ. ಮಾಡುವ ಮೊದಲು ಎರಡು ಸಲ ಫೋನ್ ಕೆಳಗಿಟ್ಟೆ. ಸ್ಪೆಕ್ಟ್ರೋಮೀಟರ್ ಜೊತೆ ಮಾತಾಡುವ ಪ್ರೋಗ್ರಾಂ ಬರೆದವನು ಆತನೇ, ಓದುವ ಕಾಲದಲ್ಲಿ ನನ್ನ ಕೈಕೆಳಗೆ ತರಬೇತಿಗೆ ಬಂದಿದ್ದಾಗ. ಈಗ ಶಿವಮೊಗ್ಗದಲ್ಲಿ ಕಾಲೇಜು ಮೇಷ್ಟ್ರು.

ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. "ಮೇಡಂ, ಕರ್ನಲ್ ಕಟ್ಟಿದ್ದು ಯಾವ ಮಷೀನಲ್ಲಿ?"

ಆಫೀಸಿನ ಹೊಸ ಕಂಪ್ಯೂಟರಿನಲ್ಲಿ. ಲ್ಯಾಬಿನದು ನಿಧಾನ, ಅದರಲ್ಲಿ ಕಟ್ಟಲು ಐದು ಗಂಟೆ ಬೇಕು. ಆಫೀಸಿನದರಲ್ಲಿ ಮುಕ್ಕಾಲು ಗಂಟೆ. ಅಲ್ಲಿ ಕೂತು, "ಈಗ ಬಳಕೆಯಲ್ಲಿರುವುದನ್ನು ಮಾತ್ರ ಇಟ್ಟುಕೊಂಡು ಉಳಿದ ಡ್ರೈವರುಗಳನ್ನೆಲ್ಲ ಕೈಬಿಡು" ಎಂಬ ಆಜ್ಞೆ ಕೊಟ್ಟಿದ್ದೆ, ಗಾತ್ರ ಕಡಿಮೆಯಾಗಲಿ ಎಂದು. ಅದು ತಾನು ಕೂತ ಕಂಪ್ಯೂಟರಿಗೆ ಬೇಕಾದದ್ದನ್ನು ಇಟ್ಟುಕೊಂಡಿತು. ಲ್ಯಾಬಿನ ಹಳೆಯ ಡಿಸ್ಕಿಗೆ ಬೇಕಾದ ಡ್ರೈವರ್ ಅಲ್ಲಿ ಬಳಕೆಯಲ್ಲಿರಲಿಲ್ಲ. ಕೈಬಿಟ್ಟಿತು. ಬೇರೆಯವರ ಅಳತೆಗೆ ಹೊಲಿದ ಅಂಗಿ.

"ಮೇಡಂ?" ಎಂದ ವಸಂತ.

"ಆಫೀಸಿನದ್ರಲ್ಲಿ" ಎಂದೆ.

"ಓ" ಎಂದ. ಬೈದಿದ್ದರೆ ವಾಸಿಯಿತ್ತು.

ಇನ್ನು ಖಚಿತವಿಲ್ಲ ಎಂದು ಬರೆಯುವಂತಿಲ್ಲ.

ಅಕ್ಟೋಬರ್ 11, ಶನಿವಾರ

ನಿನ್ನೆ ಬೆಳಿಗ್ಗೆಯಿಂದ ಲ್ಯಾಬಿನ ಯಂತ್ರದಲ್ಲೇ ಕಟ್ಟಿದೆ. ಐದು ಗಂಟೆಯಲ್ಲ, ಆರೂವರೆ. ಇವತ್ತು ಹತ್ತು ಗಂಟೆಗೆ ಆನ್ ಮಾಡಿದೆ. ಡಿಸ್ಕ್ ಸಿಕ್ಕಿತು, ಎದ್ದಿತು, ಹೆಸರು ಕೇಳಿತು. ನನ್ನ ಹೆಸರು ಕೊಟ್ಟೆ. ಬಸವರಾಜೇಶ್ವರಿ ಎಂದು ಪೂರ್ತಿ ಟೈಪು ಮಾಡುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಯಾಕೆಂದು ಗೊತ್ತಿಲ್ಲ. ನಿದ್ದೆ ಸಾಲದು.

ಆದರೆ ಸ್ಪೆಕ್ಟ್ರೋಮೀಟರನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡು ಮಾತಾಡುತ್ತಿಲ್ಲ. ಅದಕ್ಕೆ ವಸಂತ ಬರೆದ ಡ್ರೈವರನ್ನು ಹೊಸ ಕರ್ನಲ್ ಒಪ್ಪುತ್ತಿಲ್ಲ. ಬಾಗಿಲಲ್ಲೇ ನಿಲ್ಲಿಸಿ ನೀನು ಹಳೆಯವನು ಎನ್ನುತ್ತದೆ. ಹಾಗಾಗಿ ಯಂತ್ರ ಎದ್ದಿದೆ, ಕೆಲಸಕ್ಕಿಲ್ಲ.

ಹುಲಿಯಪ್ಪ ಹೊಸ್ತಿಲ ಆಚೆ ನಿಂತು ಇವತ್ತಿನ ತುಂಡು ಕೊಟ್ಟರು. ಪರದೆಯ ಬೆಳಕು ನೋಡಿ, "ಎದ್ದಿತಾ ಮೇಡಂ?" ಎಂದರು.

"ಅರ್ಧ" ಎಂದೆ.

"ಅರ್ಧ ಅಂದ್ರೂ ದೊಡ್ಡದೇ." ಕೈ ಮುಗಿದರು, ಹೊರಗಿನಿಂದಲೇ. "ಒಳಗೆ ಬನ್ನಿ" ಎಂದೆ. "ಬ್ಯಾಡ ಮೇಡಂ. ನನ್ ಕೈಗುಣ ಕೆಟ್ಬಿಟ್ಟಿದೆ. ಪೂರಾ ಏಳ್ಲಿ, ಆಮೇಲೆ ಬರ್ತೀನಿ."

ಆಗ ಹೇಳಬಹುದಿತ್ತು. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ.

ಅಕ್ಟೋಬರ್ 13, ಸೋಮವಾರ

ವಸಂತ ಡ್ರೈವರಿನ ಮೂಲ ಕೋಡ್ ಕಳಿಸಿದ. ಹೊಸ ಕರ್ನಲಿನ ಮೇಲೆ ಕಟ್ಟಲು ಹೋದರೆ ನಲವತ್ತು ತಪ್ಪು ತೋರಿಸಿತು. ಎಂಟು ವರ್ಷದ ಹಿಂದೆ ಬರೆದದ್ದು. ಅದು ನಂಬಿಕೊಂಡಿದ್ದ ಬಾಗಿಲುಗಳೆಲ್ಲ ಹೊಸದರಲ್ಲಿ ಜಾಗ ಬದಲಿಸಿವೆ. ಹಳೆಯ ಕರ್ನಲನ್ನೇ ಹುಡುಕಿ ತಂದು ಹಾಕಿ ಎಂದ ವಸಂತ. ಆಡಿಟ್‌ನವರಿಗೆ ತಾನೇ ಒಂದು ಕಾಗದ ಬರೆದುಕೊಡುತ್ತಾನಂತೆ: ಈ ಯಂತ್ರಕ್ಕೆ ಇಂಟರ್‌ನೆಟ್ ಸಂಪರ್ಕವೇ ಇಲ್ಲ, ಹಳೆಯದೇ ಸಾಕು ಎಂದು. ಆಗಸ್ಟಿನಲ್ಲೇ ಕೇಳಿದ್ದರೆ ಆಗಲೇ ಬರೆದುಕೊಡುತ್ತಿದ್ದ.

ಮಧ್ಯಾಹ್ನ ಫರ್ನೇಸಿನ ಹತ್ತಿರ ಹೋದೆ. ಸಾಮಾನ್ಯವಾಗಿ ನಾನು ಅಲ್ಲಿಗೆ ಹೋಗುವುದಿಲ್ಲ, ಸ್ಯಾಂಪಲ್ ನನ್ನಲ್ಲಿಗೆ ಬರುತ್ತದೆ. ಹುಲಿಯಪ್ಪನವರು ಒಡೆದ ಬೆಣೆಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. "ಇಲ್ನೋಡಿ ಮೇಡಂ, ಬಿಳಿ ಎಲ್ಲಿ ನಿಲ್ತು ಅಂತ ನೋಡ್ಬಾರ್ದು. ಬೂದಿ ಬಣ್ಣ ಎಲ್ಲಿ ಶುರು ಆಯ್ತು ಅಂತ ನೋಡ್ಬೇಕು. ಮಧ್ಯ ಒಂಚೂರು ಮಬ್ಬು ಇರುತ್ತೆ. ಅದು ಎರಡು ಕಡೆನೂ ಸೇರಲ್ಲ."

ನನಗೆ ಒಂದೂವರೆ ಕಾಳು ಕಂಡಿತು. ಅವರು ಒಂದು ಎಂದರು. ನಾಳೆ ಶಿವಮೊಗ್ಗದವರು ಏನೆನ್ನುತ್ತಾರೆಂದು ನೋಡಬೇಕಾಗಿಲ್ಲ. ಒಂದೇ ಇರುತ್ತದೆ.

ತುಟಿ ಒಣಗಿತ್ತು ಅವರದು. ಸೋಮವಾರ ಎಂದು ಆಮೇಲೆ ನೆನಪಾಯಿತು.

ಅಕ್ಟೋಬರ್ 14, ಮಂಗಳವಾರ

ಹಳೆಯ ಕರ್ನಲ್ ಸಿಕ್ಕಿತು. ಎಲ್ಲಿ ಎಂದರೆ, 2021ರ ಬ್ಯಾಕಪ್ ಡಿಸ್ಕಿನಲ್ಲಿ. ಆ ಡಿಸ್ಕನ್ನು ನಾನೇ ಬೀರುವಿನಲ್ಲಿ, ಟೈಟ್ರೇಶನ್ ಬಾಟಲಿಗಳ ಹಿಂದೆ ಇಟ್ಟು ಮರೆತಿದ್ದೆ. ಹಾಕಿದೆ. ಬುತ್ತಿ ಕಟ್ಟಿದೆ. ಜಾಗ ಇದೆಯೇ ಎಂದು ಮೂರು ಸಲ ನೋಡಿದೆ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎದ್ದಿತು. ಕಾರ್ಡು ಮಾತಾಡಿತು.

ಆಗಸ್ಟಿನ ಕರ್ನಲನ್ನು ಅಳಿಸಲಿಲ್ಲ. ಆಮೇಲೆ ಕಟ್ಟಿದ ಬುತ್ತಿಯನ್ನಷ್ಟೇ ತೆಗೆದು, ಆ ದಿನ ಹೇಗಿತ್ತೋ ಹಾಗೆಯೇ, ಮೆನುವಿನಲ್ಲಿ ಎರಡನೇ ಸಾಲಿನಲ್ಲಿರಲಿ ಎಂದು ಬಿಟ್ಟೆ.

ಅಕ್ಟೋಬರ್ 15, ಬುಧವಾರ

ಗುಣಮಟ್ಟದ ಮಾದರಿ ತುಂಡುಗಳನ್ನಿಟ್ಟು ಅಳತೆ ಸರಿಮಾಡಿದೆ. ಲಾಗ್‌ಬುಕ್ಕಿನಲ್ಲಿ ಕಾರ್ಬನ್, ಸಿಲಿಕಾನ್, ಮ್ಯಾಂಗನೀಸ್ ಕಾಲಂಗಳ ಪಕ್ಕ ಒಂದು ಹೊಸ ಕಾಲಂ ಎಳೆದೆ: ಬೆಣೆ.

ಅಕ್ಟೋಬರ್ 16, ಗುರುವಾರ

ವಿಜಯೇಂದ್ರ ಅವರ ಕೋಣೆಗೆ ಹೋಗಿ ಹೇಳಿದೆ. ಕೂರಲಿಲ್ಲ, ನಿಂತೇ ಹೇಳಿದೆ. "ಸರ್, ಕಂಪ್ಯೂಟರ್ ಏಳದೆ ಇದ್ದದ್ದಕ್ಕೆ ಪೂಜೆ ಕಾರಣ ಅಲ್ಲ. ಆಗಸ್ಟಿನಲ್ಲಿ ನಾನು ಮಾಡಿದ ತಪ್ಪು. ಹುಲಿಯಪ್ಪನವರದ್ದು ಏನೂ ಇಲ್ಲ."

ಅವರು ಪೆನ್ನು ಕೆಳಗಿಟ್ಟು ನಕ್ಕರು. "ನೀವು ತಪ್ಪು ಮಾಡೋದಾ ಮೇಡಂ? ಹದಿನಾಲ್ಕು ದಿನ ಕೂತು ಸರಿ ಮಾಡಿದೋರು ನೀವು."

"ನಿಜ ಹೇಳ್ತಿದ್ದೀನಿ."

"ಅರ್ಥ ಆಯ್ತು. ನಿಮ್ದು ದೊಡ್ಡ ಮನಸ್ಸು. ಯಲ್ಲಮ್ಮ ಏನಾದ್ರೂ ಬಂದು ಅತ್ಲಾ?" ಡ್ರಾಯರಿನಿಂದ ಕಾಗದ ತೆಗೆದರು. "ನೀವು ಅವ್ರ ಪರ ಇಷ್ಟು ನಿಲ್ತೀರ ಅಂದ್ರೆ ನಾನು ಬೇಡ ಅನ್ನಲ್ಲ. ಈ ಹದಿನೈದು ದಿನ ಫರ್ನೇಸು ನಡೆಸಿದ್ದಾರೆ ಕೂಡ." ಸಹಿ ಹಾಕಿಬಿಟ್ಟರು.

ಬುತ್ತಿ, ಡ್ರೈವರು, ಆಫೀಸಿನ ಕಂಪ್ಯೂಟರು, ಎಲ್ಲವನ್ನೂ ಬಿಡಿಸಿ ಹೇಳಬಹುದಿತ್ತು. ಕಾಗದಕ್ಕೆ ಸಹಿ ಬಿತ್ತಲ್ಲ, ಬೇಕಾಗಿದ್ದು ಅದೇ ತಾನೆ ಎಂದುಕೊಂಡು ಹೊರಗೆ ಬಂದೆ. ಸ್ಕೂಟರಿನಲ್ಲಿ ಭದ್ರಾವತಿ ಮುಟ್ಟುವವರೆಗೂ ಹಗುರವಾಗಿದ್ದೆ. ಇವರಿಗೆ ಹೇಳಿದೆ. ಇವರು ಗಾದೆ ಹೇಳಲಿಲ್ಲ.

ಅಕ್ಟೋಬರ್ 17, ಶುಕ್ರವಾರ

ಮಧ್ಯಾಹ್ನ ಹುಲಿಯಪ್ಪನವರೂ ಯಲ್ಲಮ್ಮನೂ ಲ್ಯಾಬಿನ ಬಾಗಿಲಿಗೆ ಬಂದರು. ಯಲ್ಲಮ್ಮನ ಕೈಯಲ್ಲಿ ಸ್ಟೀಲ್ ಡಬ್ಬಿ. ಕಾಯಿ ಹೋಳಿಗೆ.

"ಸಾಹೇಬ್ರು ಎಲ್ಲ ಹೇಳಿದ್ರು ಮೇಡಂ" ಎಂದರು ಹುಲಿಯಪ್ಪನವರು. "ನನ್ ತಪ್ಪನ್ನ ನಿಮ್ ತಲೆ ಮೇಲೆ ಹಾಕ್ಕೊಂಡ್ರಂತೆ. ಇಂಥದ್ದು ಒಡಹುಟ್ಟಿದೋರೂ ಮಾಡಲ್ಲ."

"ಇಲ್ಲ ಹುಲಿಯಪ್ಪನವರೇ, ನಿಜವಾಗಿಯೂ ನನ್ನದೇ ತಪ್ಪು."

"ಹಂಗೇ ಅಂತೀರ ನೀವು. ಗೊತ್ತು ನಮ್ಗೆ." ಯಲ್ಲಮ್ಮ ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದೆ ಸರಿದು ಬೀರುವಿಗೆ ತಾಗಿದೆ. ಒಳಗಿನ ಬಾಟಲಿಗಳು ಸದ್ದು ಮಾಡಿದವು.

ಅವರು ಹೋದ ಮೇಲೂ ಡಬ್ಬಿ ಮೇಜಿನ ಮೇಲಿತ್ತು. ತುಪ್ಪದ ವಾಸನೆ ಸಂಜೆವರೆಗೆ ಲ್ಯಾಬಿನಲ್ಲಿ ತುಂಬಿತ್ತು. ತೆರೆಯಲಿಲ್ಲ. ನಾಚಿಕೆಯಾಗುತ್ತಿದೆ. ಇಷ್ಟು ದಿನ ಈ ಪದವನ್ನು ಬರೆಯದೆ ಎಷ್ಟೆಲ್ಲ ಬರೆದೆ.

ಈಗ ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದೇ. ಅವರಿಗೆ ಕೆಲಸ ಉಳಿದಿದೆ, ಮನೆ ಉಳಿದಿದೆ, ಅಂಗಡಿ ಉಳಿದಿದೆ. ನನಗೆ ಹೆಸರು ಬಂದಿದೆ. ತನ್ನ ಕೈ ಕೆಟ್ಟದ್ದು ಎಂದು ಆ ಮನುಷ್ಯ ನಂಬಿಕೊಂಡಿರುವುದೊಂದು ಬಿಟ್ಟರೆ.

ಅಕ್ಟೋಬರ್ 18, ಶನಿವಾರ

ಊಟದ ಬಿಡುವಿನಲ್ಲಿ ಹುಲಿಯಪ್ಪನವರನ್ನು ಕರೆಸಿದೆ. ಒಂದು ಲೋಟ ನೀರು, ಒಂದು ಬಟ್ಟೆ, ಮಾವಿನೆಲೆ ತಂದಿಟ್ಟಿದ್ದೆ.

"ಕಂಪ್ಯೂಟರ್ ಆಫ್ ಮಾಡಿದ್ದೀನಿ. ಅವತ್ತು ಹೇಗೆ ಒರೆಸಿದ್ರೋ ಹಾಗೇ ಒರೆಸಿ. ತೀರ್ಥ ಹಾಕಿದ ಹಾಗೇ ನೀರು ಹಾಕಿ."

"ಬ್ಯಾಡ ಮೇಡಂ. ಈಗ ತಾನೇ ಎದ್ದಿದೆ."

"ಹಾಕಿ ಅಂದೆ."

ಅವರು ಹೊಸ್ತಿಲು ದಾಟಿ ಬಂದರು. ಒರೆಸಿದರು, ಒಂದು ಹನಿ ಬಿದ್ದಿತೋ ಇಲ್ಲವೋ ಎಂಬಂತೆ ಚಿಮುಕಿಸಿದರು. ಕೈ ನಡುಗಲಿಲ್ಲ. ಫರ್ನೇಸಿನ ಮುಂದೆಯೂ ಆ ಕೈ ನಡುಗಿದ್ದನ್ನು ನಾನು ನೋಡಿಲ್ಲ. "ಇನ್ನೂ ಹಾಕಿ" ಎಂದೆ. ಹಾಕಿದರು.

ಆನ್ ಮಾಡಿದೆ. ಮೆನುವಿನ ಮೊದಲ ಸಾಲು, ಹಳೆಯ ಕರ್ನಲ್. ಎದ್ದಿತು. ಅವರ ಮುಖ ನೋಡಲಿಲ್ಲ. ಆಫ್ ಮಾಡಿ, ನೀರು ಮುಟ್ಟದೆ, ಬಟ್ಟೆ ಮುಟ್ಟದೆ, ಎರಡನೇ ಸಾಲು ಆರಿಸಿದೆ. ಕಪ್ಪು ಪರದೆ, ಬಿಳಿ ಅಕ್ಷರ, ಸೊನ್ನೆ ಕಾಮಾ ಸೊನ್ನೆ.

"ಇದು ನಾನು ಆಗಸ್ಟಿನಲ್ಲಿ ಕಟ್ಟಿದ್ದು. ಮೂರನೇ ತಾರೀಕು ಬಂದದ್ದು ಇದೇ. ನೀರಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಇನ್ನೊಂದು ಸಲ ತೋರಿಸ್ಲಾ?"

"ತೋರ್ಸಿ."

ತೋರಿಸಿದೆ. ಎರಡೂ ಸಾಲು, ಒಂದಾದ ಮೇಲೊಂದು. ಬೆಣೆ ಒಡೆದು ನೋಡುವಾಗ ಹೇಗೆ ತಲೆ ಓರೆ ಮಾಡುತ್ತಾರೋ ಹಾಗೆ ನೋಡಿದರು. ಈಗ ನಂಬಿದರು ಎಂದು ನನಗೆ ಗೊತ್ತಾಯಿತು. ಕಣ್ಣಾರೆ ಕಂಡದ್ದನ್ನು ನಂಬುವ ಮನುಷ್ಯ.

"ಇದು ಯಾವತ್ತು ಗೊತ್ತಾಯ್ತು ನಿಮ್ಗೆ?" ಎಂದರು.

"ಅನುಮಾನ ಮೂರನೇ ತಾರೀಕೇ. ನೀರಿಂದ ಅಲ್ಲ ಅಂತ ನಾಲ್ಕಕ್ಕೆ ಗೊತ್ತಾಯ್ತು."

ಅವರು ಬಟ್ಟೆಯನ್ನು ಹಿಂಡಿ, ಮಡಿಸಿ, ಮೇಜಿನ ತುದಿಯಲ್ಲಿಟ್ಟರು. ಬೆರಳು ಮಡಿಚಿ ಏನನ್ನೋ ಎಣಿಸಿದರು.

"ಎರಡು ಸೋಮವಾರ ಒಪ್ಪತ್ತು ಮಾಡ್ದೆ ಮೇಡಂ" ಎಂದರು.

ಕೋಪವಿರಲಿಲ್ಲ. ಕೋಪ ಬಂದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಹೊರಟರು. ಇವತ್ತು ಕೈ ಮುಗಿಯಲಿಲ್ಲ, ಯಂತ್ರಕ್ಕೂ ನನಗೂ.

ಹೋಳಿಗೆ ಡಬ್ಬಿಯನ್ನು ಹಾಗೆಯೇ ವಾಪಸು ಕೊಡುವುದೋ ಬೇಡವೋ ಎಂದು ಬಹಳ ಹೊತ್ತು ಕೂತೆ. ಆಮೇಲೆ ಲಾಗ್‌ಬುಕ್ ತೆಗೆದು ಅಕ್ಟೋಬರ್ ಮೂರರ ಪುಟದಲ್ಲಿ "ಕಾರಣ ಪರಿಶೀಲನೆಯಲ್ಲಿದೆ" ಎಂಬುದರ ಕೆಳಗೆ ಬರೆದೆ: ಕಾರಣ, ಆಗಸ್ಟ್ 14ರಂದು ನಾನು ಕಟ್ಟಿದ ಕರ್ನಲಿನ ದೋಷ. ಪರೀಕ್ಷಿಸದೆ ಹಳೆಯದನ್ನು ಅಳಿಸಿದ್ದು ನನ್ನ ತಪ್ಪು. ಪೂಜೆಗೂ ಇದಕ್ಕೂ ಸಂಬಂಧವಿಲ್ಲ. ಅಕ್ಟೋಬರ್ 4ರಿಂದಲೇ ನನಗೆ ತಿಳಿದಿತ್ತು. ಕೆಳಗೆ ಸಹಿ, ಪೂರ್ತಿ ಹೆಸರು. ಪುಟ ತೆರೆದೇ ವಿಜಯೇಂದ್ರ ಅವರ ಮೇಜಿನ ಮೇಲಿಟ್ಟು ಬಂದೆ.

ಅಕ್ಟೋಬರ್ 19, ಭಾನುವಾರ

ಹೋಳಿಗೆ ತಿಂದೆವು, ನಾನೂ ಇವರೂ. ಎರಡು ದಿನ ಆಗಿತ್ತು, ಆದರೂ ಚೆನ್ನಾಗಿತ್ತು.

ಅಕ್ಟೋಬರ್ 24, ಶುಕ್ರವಾರ

ದೀಪಾವಳಿ ರಜೆ ಮುಗಿದು ನಿನ್ನೆಯಿಂದ ಫರ್ನೇಸು ಶುರು. ಲಾಗ್‌ಬುಕ್ ನನ್ನ ಮೇಜಿಗೆ ವಾಪಸು ಬಂದಿತ್ತು. ವಿಜಯೇಂದ್ರ ಏನೂ ಬರೆದಿರಲಿಲ್ಲ. ಎದುರಿಗೆ ಸಿಕ್ಕಾಗ, "ಅದನ್ನ ಬರೆಯೋ ಅಗತ್ಯ ಇತ್ತಾ ಮೇಡಂ?" ಎಂದಷ್ಟೇ ಕೇಳಿದರು. ಇತ್ತು ಎಂದೆ. ಹುಲಿಯಪ್ಪನವರ ಕಾಗದ ಹಾಗೆಯೇ ಇದೆ. ನನ್ನ ಹೆಸರಿನ ಮುಂದಿನ ದೊಡ್ಡ ಮನಸ್ಸು ಹೋಯಿತು.

ಯಲ್ಲಮ್ಮ ಟೀ ಕೊಟ್ಟಳು. ಡಬ್ಬಿ ತೊಳೆದು, ಒಳಗೆ ಸಕ್ಕರೆ ಹಾಕಿ ಕೊಟ್ಟೆ. ಇಸ್ಕೊಂಡಳು. ಮಾತು ಕಡಿಮೆ.

ಬೆಳಿಗ್ಗೆ ಹನ್ನೊಂದಕ್ಕೆ ಹುಲಿಯಪ್ಪನವರು ಬಂದರು. ಹೊಸ್ತಿಲಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಒಳಗೆ ಬಂದು ಸ್ಪೆಕ್ಟ್ರೋಮೀಟರಿನ ಸ್ಯಾಂಪಲ್ ಟ್ರೇಯಲ್ಲಿಟ್ಟು, ಒಡೆದ ಬೆಣೆಯ ಎರಡು ಚೂರುಗಳನ್ನು ನನ್ನ ಮೇಜಿನ ಮೇಲಿಟ್ಟರು. ಇನ್ನೂ ಬಿಸಿಯಿತ್ತು.

"ಎಷ್ಟು?" ಎಂದರು.

ಮಷೀನು ಉತ್ತರ ಕೊಡಲು ಆರು ನಿಮಿಷ ಬೇಕು. ನಾನು ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಎನಿಸಿತು. ತಪ್ಪಾದರೆ ಎಂದು ತಿರುಗಿಸಿ ಮತ್ತೆ ನೋಡಿದೆ. "ಒಂದೂವರೆ ಇರ್ಬಹುದು, ಎರಡೂ ಇರ್ಬಹುದು. ಒಂದ್ನಿಮಿಷ, ಮಷೀನು ಹೇಳ್ಲಿ."

"ಸುರಿಯೋ ಲ್ಯಾಡಲಲ್ಲಿ ಕರಗಿದ ಕಬ್ಬಿಣ ಇದೆ ಮೇಡಂ. ಗೊತ್ತಾದ ತಕ್ಷಣ ಹೇಳ್ಬೇಕು. ಆರಿದ್ಮೇಲೆ ಹೇಳಿದ್ರೆ ಏನು ಹಾಕಿದ್ರೂ ಸೇರಲ್ಲ."

ನಾನು ಚೂರು ಕೆಳಗಿಟ್ಟೆ.

"ಎರಡು" ಎಂದೆ.

ಅವರು ತಲೆಯಾಡಿಸಿ ಸಿಲಿಕಾನ್ ಹಾಕಲು ಹೋದರು.